ಒಂದು ಕೋಲು, ಒಂದು ವೃತ್ತ

ಆಕಾಶದ ಲೆಕ್ಕವನ್ನು ನೆಲ ನೋಡಿಯೇ ಹಾಕಬಹುದೆಂದು ಕಂಡುಕೊಂಡವರ ಬುದ್ಧಿಗೆ ನಾನು ಮನಸೋತಿದ್ದೇನೆ. ಸಮತಟ್ಟಾದ ಅಂಗಳದಲ್ಲಿ ನೆಟ್ಟಗೆ ಊರಿದ ಕೋಲು, ಅದೇ ಶಂಕು. ಅದರ ಬುಡವನ್ನೇ ಕೇಂದ್ರವಾಗಿಟ್ಟು ಹಗ್ಗದಿಂದ ವೃತ್ತ ಎಳೆಯಬೇಕು. ಬೆಳಗಿನ ಉದ್ದ ನೆರಳು ಕುಗ್ಗುತ್ತ ಬಂದು, ಅದರ ತುದಿ ವೃತ್ತದೊಳಗೆ ಕಾಲಿಡುವ ಜಾಗದಲ್ಲಿ ಒಂದು ಗುರುತು. ಮಧ್ಯಾಹ್ನ ಕಳೆದು ಮತ್ತೆ ಹೊರಬೀಳುವಲ್ಲಿ ಇನ್ನೊಂದು. ಎರಡನ್ನೂ ಸೇರಿಸಿ ಗೆರೆ ಎಳೆದರೆ ಪೂರ್ವ-ಪಶ್ಚಿಮ ಸಿಕ್ಕಿತು. ಯಜ್ಞವೇದಿಗಳ ಅಳತೆ ಹೇಳುವ ಹಳೆಯ ಗ್ರಂಥ ಕಾತ್ಯಾಯನ ಶುಲ್ಬಸೂತ್ರದಲ್ಲಿರುವ ಈ ವಿಧಾನದಷ್ಟು ಸರಳವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ದಿಕ್ಸೂಚಿಯ ಸೂಜಿ ತೋರಿಸುವುದು ಕಾಂತೀಯ ಉತ್ತರವನ್ನು. ಕೋಲು ನಿಜವಾದ ದಿಕ್ಕನ್ನೇ ಕೊಡುತ್ತದೆ. (ಸೂರ್ಯ ಒಂದೇ ಹಗಲಿನಲ್ಲೂ ಉತ್ತರಕ್ಕೋ ದಕ್ಷಿಣಕ್ಕೋ ತುಸು ಸರಿಯುವುದರಿಂದ ಬರುವ ಸಣ್ಣ ವ್ಯತ್ಯಾಸವನ್ನೂ ಮುಂದಿನ ಗಣಿತಜ್ಞರು ಹಿಡಿದು ತಿದ್ದಿದರು.)

ಖಗೋಳಗಣಿತದ ಸಿದ್ಧಾಂತ ಗ್ರಂಥಗಳ ಶಂಕುವಿನ ಎತ್ತರ 12 ಅಂಗುಲ. ವಿಷುವದ ದಿನ ನಡುಹಗಲಲ್ಲಿ ಅದರ ನೆರಳನ್ನು ಅಳೆದರೆ ಊರಿನ ಅಕ್ಷಾಂಶವೇ ಕೈಗೆ ಬರುತ್ತದೆ. ಬೆಂಗಳೂರಿನಲ್ಲಿ ಆ ನೆರಳು 3 ಅಂಗುಲಕ್ಕಿಂತ ತುಸು ಕಡಿಮೆ. ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ, ಅದೇ ಊರಿನಲ್ಲಿ ನಡುಹಗಲಿನ ನೆರಳು ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಯಾವ ಶಾಲೆಯ ಮೈದಾನದಲ್ಲಾದರೂ ಮಕ್ಕಳಿಗೆ ಇದನ್ನು ತೋರಿಸಬಹುದು.