‘ಟೊಳ್ಳುಗಟ್ಟಿ’ ನಾಟಕವೂ ಚಿನ್ನದ ಗಣಿಯ ತರುಣರೂ

ತರುಣರು ಆಡತಕ್ಕ ನಾಟಕಗಳು ಕನ್ನಡದಲ್ಲಿ ಹಲವಿವೆ. ತರುಣರ ಮುಂದಿನ ಬಾಳನ್ನೇ ವಸ್ತುವಾಗಿ ಉಳ್ಳವು ಬಹಳ ಸ್ವಲ್ಪ. ಈ ಸ್ವಲ್ಪದರಲ್ಲಿ ಕಾಲದಿಂದಲೂ ಗುಣದಿಂದಲೂ ಮುಂದೆ ನಿಲ್ಲತಕ್ಕದ್ದು ಟಿ. ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’. ೧೯೧೮ರ ಸುಮಾರಿಗೆ ಹುಟ್ಟಿದ ಈ ನಾಟಕವನ್ನು ಆಡಿದವರೂ ನೋಡಿದವರೂ ಪಾಠ ಹೇಳಿದವರೂ ಅದರ ತೀರ್ಪನ್ನು ಪ್ರಶ್ನೆಯಿಲ್ಲದೆ ಒಪ್ಪಿಕೊಂಡು ಬಂದಿದ್ದಾರೆ. ಆ ತೀರ್ಪು ಇಂದಿನ ತರುಣರ ಆಸೆ ಅಂಜಿಕೆಗಳಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಕೋಲಾರದ ಚಿನ್ನದ ಗಣಿ ಮತ್ತು ಬಂಗಾರಪೇಟೆಗಳ ನಿದರ್ಶನದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಕಥೆಯು ಎಲ್ಲರಿಗೂ ತಿಳಿದದ್ದೇ. ಒಂದು ಮನೆಯಲ್ಲಿ ಇಬ್ಬರು ಮಕ್ಕಳು. ಪುಟ್ಟು ಓದಿನಲ್ಲಿ ಮುಂದು. ಪರೀಕ್ಷೆಗಳೇ ಅವನ ಪ್ರಪಂಚ. ಮಾಧು ಓದಿನಲ್ಲಿ ಹಿಂದು. ಆದರೆ ಪರರ ಕಷ್ಟಕ್ಕೆ ಒದಗುವವನು. ತಂದೆಯ ಹೆಮ್ಮೆಯೆಲ್ಲವೂ ಹಿರಿಯವನ ಮೇಲೆ, ತಾತ್ಸಾರವೆಲ್ಲವೂ ಕಿರಿಯವನ ಮೇಲೆ. ಮನೆಗೆ ಬೆಂಕಿ ಬಿದ್ದಾಗ ಓದಿದವನ ಓದು ಯಾರಿಗೂ ಒದಗುವುದಿಲ್ಲ. ದಡ್ಡನೆನಿಸಿಕೊಂಡವನೇ ಮನೆಯವರನ್ನು ಕಾಪಾಡುತ್ತಾನೆ. ಟೊಳ್ಳು ಯಾವುದು, ಗಟ್ಟಿ ಯಾವುದು ಎಂಬುದು ಆಗ ತಂದೆಗೆ ತಿಳಿಯುತ್ತದೆ. ರಂಗದ ಮೇಲೆ ರಾಜರೂ ದೇವತೆಗಳೂ ಹಾಡುತ್ತಿದ್ದ ಕಾಲದಲ್ಲಿ ನಡುಮನೆಯ ಜಗಳವನ್ನು ನಡುಮನೆಯ ಮಾತಿನಲ್ಲೇ ತಂದು ನಿಲ್ಲಿಸಿದ ಧೈರ್ಯವು ಸಾಮಾನ್ಯವಾದುದಲ್ಲ. ಪರೀಕ್ಷೆಯ ಗೀಳನ್ನು ಕನ್ನಡದಲ್ಲಿ ಇಷ್ಟು ಮೊದಲೇ, ಇಷ್ಟು ನಗಿಸಿ ಖಂಡಿಸಿದ ಕೃತಿ ಮತ್ತೊಂದಿಲ್ಲವೆಂದು ನಮ್ಮ ಅಭಿಪ್ರಾಯ.

ಆದರೆ ನಾಟಕದ ದೋಷವೂ ಅದರ ಗುಣದ ಪಕ್ಕದಲ್ಲಿಯೇ ಇದೆ. ತೆರೆ ಏಳುವುದಕ್ಕೆ ಮೊದಲೇ ಹೆಸರಿನಲ್ಲಿ ತೀರ್ಪು ಮುಗಿದಿದೆ. ಮುಂದೆ ಏನಾಗಬೇಕೆಂದು ಪುಟ್ಟುವಾಗಲಿ ಮಾಧುವಾಗಲಿ ತನ್ನಷ್ಟಕ್ಕೆ ತಾನು ಯೋಚಿಸುವುದಿಲ್ಲ. ಅವರ ಭವಿಷ್ಯವು ತಂದೆಯ ಲೆಕ್ಕದಲ್ಲಿದೆ. ಕೊನೆಯಲ್ಲಿ ಬದಲಾಗುವುದೂ ತಂದೆಯ ಲೆಕ್ಕವೇ. ಕೈಲಾಸಂ ಅವರು ವಿದ್ಯೆಯನ್ನು ಹಳಿಯಲಿಲ್ಲ, ಮನುಷ್ಯತ್ವವಿಲ್ಲದ ವಿದ್ಯೆಯನ್ನು ಹಳಿದರು ಎಂದು ಕೆಲವರು ಸಮಾಧಾನ ಹೇಳಬಹುದು. ಈ ಮಾತು ನಿಜ. ಆದರೂ ವಿದ್ಯೆಯೂ ಕರುಣೆಯೂ ಒಬ್ಬನಲ್ಲಿಯೇ ಸೇರಿ ಹೆಣಗುವ ಅವಕಾಶವನ್ನು ನಾಟಕವು ಕೊಡದೆ, ಅವನ್ನು ಇಬ್ಬರಿಗೆ ಹಂಚಿಬಿಟ್ಟಿದೆ. ನಿಜವಾದ ತರುಣನ ಹೆಣಗಾಟವೋ ಒಬ್ಬನೊಳಗೇ ನಡೆಯತಕ್ಕದ್ದು.

ಈ ಹಂಚಿಕೆಯು ಎಲ್ಲಿ ಮುರಿದುಬೀಳುತ್ತದೆಂಬುದನ್ನು ಚಿನ್ನದ ಗಣಿಯ ಊರು ತೋರಿಸುತ್ತದೆ. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯು ಅಲ್ಲಿ ಕೈಹಾಕಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಬೆಂಗಳೂರಿಗಿಂತ ಮೊದಲು ಗಣಿಗಳಿಗೆ ಹರಿಯಿತು. ಚಾಂಪಿಯನ್ ರೀಫ್ ಗಣಿಯು ೩ ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿಯಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ೮೦೦ ಟನ್ ಚಿನ್ನವು ಮೇಲಕ್ಕೆ ಬಂತು. ಇದನ್ನು ತೆಗೆದವರಲ್ಲಿ ಬಹುಮಂದಿ ತಮಿಳು ಜಿಲ್ಲೆಗಳಿಂದ ಬಂದ ದಲಿತ ಕುಟುಂಬಗಳವರು. ತಂದೆ ಇಳಿದ ಗಣಿಗೆ ಮಗನೂ ಇಳಿಯುವುದು ಅಲ್ಲಿ ತಲೆಮಾರುಗಳ ರೂಢಿಯಾಯಿತು. ಬಂಡೆ ಸಿಡಿದು ಸಂಗಾತಿಗಳು ಸಿಕ್ಕಿಕೊಂಡಾಗ ಪ್ರಾಣದ ಹಂಗು ತೊರೆದು ಒಳಹೊಕ್ಕವರ ಊರು ಅದು. ಮಾಧುವಿನ ಗುಣವು ಆ ನೆಲದಲ್ಲಿ ನಾಟಕದ ಆದರ್ಶವಾಗಿರದೆ ದಿನದ ದುಡಿಮೆಯ ಭಾಗವಾಗಿತ್ತು.

ಅಂಥ ಗಟ್ಟಿಯೇ ಟೊಳ್ಳಾಯಿತು. ಸರ್ಕಾರದ ಕೈಗೆ ಬಂದಿದ್ದ ಗಣಿಗಳು, ಅದಿರು ತೆಗೆಯುವ ವೆಚ್ಚವು ಚಿನ್ನದ ಬೆಲೆಯನ್ನು ಮೀರಿದ ಕಾರಣ, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದುವು. ಸಾವಿರಾರು ಮನೆಗಳಲ್ಲಿ ಕೈಕಸುಬು, ಧೈರ್ಯ, ಪರೋಪಕಾರ ಎಲ್ಲವೂ ಉಳಿದುವು. ಕೆಲಸ ಮಾತ್ರ ಉಳಿಯಲಿಲ್ಲ. ಹಿಂದೆ ಬೌರಿಂಗ್‌ಪೇಟೆಯೆನಿಸಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ೧೮೯೪ರಲ್ಲಿ ರೈಲು ದಾರಿಯನ್ನು ಹಾಕಿದುದು ಗಣಿಯ ಸಲುವಾಗಿ. ಇಂದು ಅದೇ ದಾರಿ ಊರಿನ ಜನರನ್ನು ಬೆಳಗ್ಗೆ ಬೆಂಗಳೂರಿನ ಕೆಲಸಕ್ಕೆ ಒಯ್ದು ರಾತ್ರಿ ಮರಳಿ ತರುತ್ತಿದೆ. ಆ ಗಾಡಿಯಲ್ಲಿ ಕುಳಿತ ತರುಣನಿಗೆ ಪುಟ್ಟುವಿನ ಪರೀಕ್ಷೆಯ ಕಾಗದವು ಟೊಳ್ಳೆಂದು ಹೇಳುವುದು ಹೇಗೆ? ಪುಟ್ಟುವಿಗೆ ಓದು ಮನೆತನದ ಆಸ್ತಿ. ಅಕ್ಷರವನ್ನು ಬಹುಕಾಲ ನಿರಾಕರಿಸಲ್ಪಟ್ಟ ಮನೆಯ ಮಗಳಿಗೋ ಮಗನಿಗೋ ಅದು ಹೊಸದಾಗಿ ಗಳಿಸಿದ ಬದುಕು. ನಾಟಕದ ನಗೆಯು ಇಲ್ಲಿ ತನ್ನ ಗುರಿಯನ್ನು ತಪ್ಪಿ, ನಗಬಾರದವರ ಮೇಲೆ ಬೀಳುತ್ತದೆ.

ವಿದ್ಯೆಯನ್ನು ಕುರಿತ ಇನ್ನೊಂದು ಪ್ರಸಿದ್ಧ ರಂಗಕೃತಿಯೊಡನೆ ಇದನ್ನು ಹೋಲಿಸಬಹುದು. ರವೀಂದ್ರನಾಥ ಠಾಕೂರರ ಗಿಣಿಯ ಕಥೆಯನ್ನು ಆಧರಿಸಿ ಬಿ. ವಿ. ಕಾರಂತರು ಮಕ್ಕಳಿಗಾಗಿ ‘ಪಂಜರ ಶಾಲೆ’ಯನ್ನು ಕಟ್ಟಿದರು. ಅದರ ವಿಡಂಬನೆಯ ಮೊನೆಯು ಕಲಿಯುವವನನ್ನು ಬಿಟ್ಟು ಕಲಿಸುವವರ ಕಡೆಗೆ ತಿರುಗಿದೆ. ಈ ವಿಷಯದಲ್ಲಿ ಅದು ‘ಟೊಳ್ಳುಗಟ್ಟಿ’ಗಿಂತ ನ್ಯಾಯವಾದುದು. ಆದರೆ ಕಥೆಯ ಗಿಣಿಯು ಕಾಗದವನ್ನು ನುಂಗಿ ನುಂಗಿ ಸಾಯುತ್ತದೆಯೇ ಹೊರತು ತನಗೆ ಬೇಕಾದುದೇನೆಂದು ಹೇಳುವುದಿಲ್ಲ. ಎಳೆಯರ ಪರವಾಗಿ ಹಿರಿಯರು ನುಡಿಯುವ ಪದ್ಧತಿ ಎರಡರಲ್ಲಿಯೂ ಒಂದೇ.

ಹಾಗಾದರೆ ‘ಟೊಳ್ಳುಗಟ್ಟಿ’ಯನ್ನು ಅಲ್ಲಿಯ ಶಾಲೆಗಳಲ್ಲಿ ಆಡಬಾರದೆ? ಆಡಬೇಕು, ಆದರೆ ಉಪದೇಶವಾಗಿ ಆಡಬಾರದು. ಬ್ರೆಜಿಲ್ ದೇಶದ ಆಗಸ್ಟೋ ಬೋಆಲ್ ಅವರು ಪ್ರೇಕ್ಷಕನೇ ನಡುವೆ ಎದ್ದುಬಂದು ಕಥೆಯ ನಡೆಯನ್ನು ತಿದ್ದುವ ರಂಗಕ್ರಮವೊಂದನ್ನು ರೂಪಿಸಿದರು. ಬೆಂಕಿಯ ದೃಶ್ಯದಲ್ಲಿ ನಾಟಕವನ್ನು ನಿಲ್ಲಿಸಿ, ಪುಟ್ಟುವಿನ ಪಾತ್ರಧಾರಿಯನ್ನೂ ಮಾಧುವಿನ ಪಾತ್ರಧಾರಿಯನ್ನೂ ಸಭೆಯ ತರುಣರು ಪ್ರಶ್ನಿಸುವಂತೆ ಮಾಡಿದರೆ, ತೀರ್ಪು ತಂದೆಯ ಕೈಯಿಂದ ಮಕ್ಕಳ ಕೈಗೆ ಬರುತ್ತದೆ. ಬೆಂಕಿ ಆರಿದ ಮರುದಿನ ಮಾಧುವಿಗೆ ಕೆಲಸ ಕೊಡುವವರು ಯಾರು ಎಂಬ ಒಂದು ಪ್ರಶ್ನೆಯೇ ಸಾಕು, ಇನ್ನೊಂದು ಅಂಕವು ಹುಟ್ಟಲು. ಕೋಲಾರದ ಬಳಿ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮೊದಲಾದವರು ಕಟ್ಟಿದ ‘ಆದಿಮ’ವು ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು ನಾಟಕಗಳಿಗೆ ಬಯಲನ್ನು ತೆರೆದುದರಿಂದ, ಈ ಜಿಲ್ಲೆಗೆ ಇಂಥ ಕೂಟವು ಹೊಸದಲ್ಲ.

ಭಾಷೆಯ ವಿಷಯದಲ್ಲಿಯಾದರೋ ಕೈಲಾಸಂ ಅವರೇ ದಾರಿ ತೋರಿದ್ದಾರೆ. ಕನ್ನಡಕ್ಕೆ ಇಂಗ್ಲಿಷನ್ನು ಬೆರಸಿದ ಅವರ ಸಂಭಾಷಣೆಯು ಆ ಕಾಲದ ಓದಿದ ಮನೆಗಳ ನಿಜವಾದ ಮಾತು. ಶುದ್ಧಿಯ ಹೆಸರಿನಲ್ಲಿ ಅದನ್ನು ತಿದ್ದಿದ್ದರೆ ನಾಟಕವು ಜೀವ ಬಿಡುತ್ತಿತ್ತು. ತಮಿಳು, ತೆಲುಗು, ಉರ್ದು, ಕನ್ನಡಗಳು ಒಂದೇ ಬೀದಿಯಲ್ಲಿ ಬೆರೆಯುವ ಗಣಿಯ ಊರಿನ ತರುಣರಿಗೂ ಅದೇ ಸ್ವಾತಂತ್ರ್ಯವು ಸಲ್ಲಬೇಕು. ಮನೆಯ ಮಾತಿನಲ್ಲಿ ಅಂಜಿಕೆಯನ್ನು ಹೇಳಿಕೊಳ್ಳಲು ಬಿಡದೆ ಗ್ರಂಥದ ಕನ್ನಡದಲ್ಲಿ ಆಸೆಯನ್ನು ಒಪ್ಪಿಸೆಂದರೆ, ಹುಡುಗರು ಪಾಠವನ್ನು ಒಪ್ಪಿಸುವರಲ್ಲದೆ ಮನಸ್ಸನ್ನು ತೆರೆಯರು.

ಕೈಲಾಸಂ ಅವರು ಭೂಗರ್ಭಶಾಸ್ತ್ರವನ್ನು ಕಲಿತವರು; ಮೈಸೂರಿನ ಭೂಗರ್ಭ ಇಲಾಖೆಯಲ್ಲಿ ಕೆಲಸ ಮಾಡಿದವರು. ನೆಲದೊಳಗಿನ ಗಟ್ಟಿಯನ್ನು ತೆಗೆದಷ್ಟೂ ನೆಲವು ಟೊಳ್ಳಾಗುವುದೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಅವರ ನಾಟಕವನ್ನು ಪಾಠ ಹೇಳುವ ಅಧ್ಯಾಪಕರು, ಯಾರು ಟೊಳ್ಳು ಯಾರು ಗಟ್ಟಿ ಎಂಬ ಹಳೆಯ ಪ್ರಶ್ನೆಯೊಡನೆ, ಯಾರ ಬಾಳನ್ನು ಯಾರು ಯಾತಕ್ಕಾಗಿ ಟೊಳ್ಳುಮಾಡಿದರು ಎಂಬುದನ್ನೂ ವಿದ್ಯಾರ್ಥಿಗಳಿಂದ ಕೇಳಿಸಲಿ. ಪ್ರಶ್ನೆಯು ಅವರ ಬಾಯಿಂದಲೇ ಬರುವ ದಿನ ಈ ನಾಟಕಕ್ಕೆ ಅದು ಕಾದಿದ್ದ ಅಭಿನಯವು ದೊರೆತಂತಾಗುವುದು.