ಬೆವರಿಗೊಂದು ರಸೀದಿ

ಹೊಸ ವರ್ಷದ ಆಸುಪಾಸಿನಲ್ಲಿ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುವ ಒಂದು ಬಗೆಯ ಸಂದೇಶ ಈಗ ನಮಗೆಲ್ಲ ಪರಿಚಿತ. ಲಂಡನ್ನಿನಲ್ಲೋ ಬಾಸ್ಟನ್ನಿನಲ್ಲೋ ಇರುವ ಅಕ್ಕನ ಮಗ ಬರೆದಿರುತ್ತಾನೆ: ಏಪ್ರಿಲ್‌ನಲ್ಲಿ ಮ್ಯಾರಥಾನ್ ಓಡುತ್ತಿದ್ದೇನೆ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುತ್ತಿದ್ದೇನೆ, ಲಿಂಕ್ ಕೆಳಗಿದೆ, ಕೈಲಾದಷ್ಟು ಕೊಡಿ. ದೊಡ್ಡಪ್ಪ ಕೈಮುಗಿಯುವ ಚಿತ್ರ ಹಾಕುತ್ತಾರೆ. ಚಿಕ್ಕಮ್ಮ "ಹುಷಾರಪ್ಪ, ಮಂಡಿ ನೋಡ್ಕೋ" ಎನ್ನುತ್ತಾರೆ. ಯಾರೋ ಒಬ್ಬರು ಮಾತ್ರ ಕೇಳಿಯೇಬಿಡುತ್ತಾರೆ: "ನೀನು ಓಡೋದಕ್ಕೂ ಕ್ಯಾನ್ಸರಿಗೂ ಏನೋ ಸಂಬಂಧ?"

ಕೇಳಿದ ಧಾಟಿ ಒರಟಾದರೂ ಪ್ರಶ್ನೆಯಲ್ಲಿ ಹುರುಳಿದೆ. ಈ ಸಂಬಂಧಕ್ಕೆ ಇಂದಿನ ರೂಪ ಬಂದದ್ದು 1988ರಲ್ಲಿ. ಮಗಳಿಗೆ ರಕ್ತದ ಕ್ಯಾನ್ಸರ್ ಬಂದಿದ್ದ ಬ್ರೂಸ್ ಕ್ಲೆಲ್ಯಾಂಡ್ ಎಂಬ ಅಮೆರಿಕದ ತಂದೆ 38 ಜನರನ್ನು ಕಟ್ಟಿಕೊಂಡು ನ್ಯೂಯಾರ್ಕ್ ಸಿಟಿ ಮ್ಯಾರಥಾನ್ ಓಡಿದರು. ಅಲ್ಲಿನ ಲ್ಯುಕೇಮಿಯಾ ಸೊಸೈಟಿಗೆ 3,22,000 ಡಾಲರ್ ಕೂಡಿತು. ಅದರಿಂದ ಹುಟ್ಟಿದ ಕಾರ್ಯಕ್ರಮದ ಹೆಸರು 'ಟೀಮ್ ಇನ್ ಟ್ರೈನಿಂಗ್'. ಒಪ್ಪಂದ ಸರಳ. ಸಂಸ್ಥೆ ಕೋಚ್ ಕೊಡುತ್ತದೆ, ನಾಲ್ಕೈದು ತಿಂಗಳ ವೇಳಾಪಟ್ಟಿ ಕೊಡುತ್ತದೆ, ಓಟದ ಬಿಬ್, ಅಂದರೆ ಎದೆಗೆ ಕಟ್ಟುವ ಪ್ರವೇಶ ಸಂಖ್ಯೆ, ಕೊಡಿಸುತ್ತದೆ, ಊರು ದೂರವಾದರೆ ಪ್ರಯಾಣ ಮತ್ತು ಹೋಟೆಲ್ ನೋಡಿಕೊಳ್ಳುತ್ತದೆ. ಓಟಗಾರ ಗೊತ್ತುಪಡಿಸಿದ ಮೊತ್ತವನ್ನು ಬಂಧುಮಿತ್ರರಿಂದ ಎತ್ತಿಕೊಡಬೇಕು. ಸಂಧಿವಾತದ ಸಂಸ್ಥೆ, ಮಧುಮೇಹದ ಸಂಸ್ಥೆ ಎಲ್ಲವೂ ಇದನ್ನೇ ಹಿಡಿದವು. ಹೊನೊಲುಲು, ಡಬ್ಲಿನ್, ರೆಯ್ಕ್ಯಾವಿಕ್ ಓಟಗಳಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟ ಗುಂಪುಗಳು ಕಾಣಿಸಿಕೊಂಡವು.

ಈ ಪದ್ಧತಿಯಲ್ಲಿ ನನಗೆ ನಿಜಕ್ಕೂ ಮೆಚ್ಚುಗೆಯಾಗುವುದು ಓಟದ ದಿನಕ್ಕಿಂತ ಅದರ ಹಿಂದಿನ ತಿಂಗಳುಗಳು. ಬಸ್ಸು ಹಿಡಿಯಲೂ ಓಡದವರು ಮೊದಲ ವಾರ ಎರಡು ನಿಮಿಷ ಓಡಿ ಎರಡು ನಿಮಿಷ ನಡೆಯುತ್ತಾರೆ. ವಾರದಲ್ಲಿ ಮೂರು ಸಣ್ಣ ಓಟ, ರಜೆಯ ಬೆಳಿಗ್ಗೆ ಎಲ್ಲರೂ ಸೇರಿ ಲಾಂಗ್ ರನ್. ಎಂಟು ಕಿ.ಮೀ. ಹನ್ನೆರಡಾಗುತ್ತದೆ, ಇಪ್ಪತ್ತಾಗುತ್ತದೆ, ಮೂವತ್ತಕ್ಕೆ ಬಂದು ನಿಲ್ಲುತ್ತದೆ. ಕಡೆಯ ಎರಡು ಮೂರು ವಾರ ಕಾಲಿಗೆ ವಿರಾಮ. ಈ ಗುಂಪುಗಳ ಜೊತೆ ಕಾಯಿಲೆ ಅನುಭವಿಸಿದವರೂ ಇರುತ್ತಾರೆ. ಕಿಮೋ ಮುಗಿಸಿ ಬಂದ ಹುಡುಗ ದಾರಿಬದಿಯಲ್ಲಿ ನೀರು ಹಿಡಿದು ನಿಂತಿರುತ್ತಾನೆ. ಆಸ್ಪತ್ರೆಯ ಹೊರಗೆ ರೋಗಿಗೂ ಆರೋಗ್ಯವಂತನಿಗೂ ಹೀಗೆ ವಾರವಾರವೂ ಭೇಟಿಯಾಗಲು ನಮ್ಮ ಸಮಾಜದಲ್ಲಿ ಬೇರೆ ಜಾಗ ಎಲ್ಲಿದೆ? ನಾವು ಇಂದಿಗೂ ಕ್ಯಾನ್ಸರನ್ನು 'ಆ ಕಾಯಿಲೆ' ಎಂದು ತಗ್ಗಿದ ದನಿಯಲ್ಲಿ ಹೇಳುವವರು. ಇಲ್ಲಿ ಅದರ ಹೆಸರನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ಓಡುತ್ತಾರೆ. ಇದಿಷ್ಟೇ ಆಗಿ ಒಂದು ಪೈಸೆಯೂ ಹುಟ್ಟದಿದ್ದರೂ ನಾನು ಇದನ್ನು ನಷ್ಟವೆಂದು ಬರೆಯಲಾರೆ.

ಓಡುವವರನ್ನು ಕೇಳಿ ನೋಡಿ, ಮೂವತ್ತು ಕಿ.ಮೀ. ಓಡುವುದಕ್ಕಿಂತ ಕಷ್ಟದ್ದು ಇನ್ನೊಬ್ಬರ ಮುಂದೆ ಕೈಚಾಚುವುದು ಎನ್ನುತ್ತಾರೆ. ಓಟ ಸಹಾಯಕ್ಕೆ ಬರುವುದು ಇಲ್ಲೇ. ಸುಮ್ಮನೆ ಕೇಳಿದರೆ ಭಿಕ್ಷೆ, ಮೈ ದಂಡಿಸಿ ಕೇಳಿದರೆ ಹಕ್ಕು. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಬೊಬ್ಬೆಯೆದ್ದ ಕಾಲಲ್ಲಿ ನಡೆಯುವವರನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರಕೆಯಲ್ಲಿ ನೋವು ದೇವರಿಗೆ ಸಲ್ಲುತ್ತದೆ, ಇಲ್ಲಿ ಅದು ದಾನಿಗೆ ಸಲ್ಲುತ್ತದೆ, ವ್ಯತ್ಯಾಸ ಅಷ್ಟೆ. ಕ್ರಿಸ್ಟೊಫರ್ ಒಲಿವೊಲಾ ಮತ್ತು ಎಲ್ಡಾರ್ ಶಫೀರ್ ಎಂಬ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು. ಸುಖದ ಪಿಕ್ನಿಕ್ಕಿಗಿಂತ ಕಷ್ಟದ ಓಟ ಎದುರಿದ್ದಾಗ ಜನ ಹೆಚ್ಚು ಕೊಡಲು ಮುಂದಾಗುತ್ತಾರೆ. ಈ ಗುಣವನ್ನು ಒಳ್ಳೆಯ ಕೆಲಸಕ್ಕೆ ಬಳಸಿಕೊಳ್ಳುವುದರಲ್ಲಿ ತಪ್ಪು ಕಾಣುವಷ್ಟು ಮಡಿವಂತ ನಾನಲ್ಲ. ಆದರೆ ನೋವನ್ನೇ ಅಳತೆಗೋಲು ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಟೇಸೈಡ್‌ನಲ್ಲಿ ಒಂದು ನಗೆಯೂ ಅಳುವೂ ಬರಿಸುವ ಲೆಕ್ಕವಿದೆ. ಚಾರಿಟಿಗಾಗಿ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದವರ ಐದು ವರ್ಷಗಳ ಗಾಯಗಳನ್ನು ಅಲ್ಲಿನ ವೈದ್ಯರು ಪರಿಶೀಲಿಸಿ 1999ರಲ್ಲಿ ವರದಿ ಬರೆದರು. ಸಂಗ್ರಹವಾದ ಪ್ರತಿ ಒಂದು ಪೌಂಡಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಮೂಳೆ ಕೂಡಿಸಲು ತೆತ್ತದ್ದು 13.75 ಪೌಂಡ್!

ಓಟ ಅಷ್ಟು ಅಪಾಯದ್ದಲ್ಲ. ಆದರೂ ಈ ಕಾರ್ಯಕ್ರಮಗಳು ಕರೆಯುವುದೇ ಎಂದೂ ಓಡದವರನ್ನು ಎಂಬುದನ್ನು ಮರೆಯಬಾರದು. ಐದಾರು ಗಂಟೆ ದಾರಿಯಲ್ಲೇ ಇರುವವರು ಭಯಕ್ಕೆ ಬಿದ್ದು ಪ್ರತಿ ಮೇಜಿನಲ್ಲೂ ನೀರು ಕುಡಿಯುತ್ತಾರೆ. ರಕ್ತದ ಸೋಡಿಯಂ ಇಳಿಯುತ್ತದೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಅದು ಕುಸಿದಿತ್ತು. ಹೆಚ್ಚು ನೀರು ಕುಡಿದವರು ಮತ್ತು ನಾಲ್ಕು ಗಂಟೆ ಮೀರಿ ಓಡಿದವರು ಅದರಲ್ಲಿ ಮುಂದಿದ್ದರು. ಒಳ್ಳೆಯ ಕೋಚ್ ಈಗ ಬಾಯಾರಿದಾಗ ಕುಡಿ ಎನ್ನುತ್ತಾನೆ. ಗುರಿಮೊತ್ತ ಮುಟ್ಟಿದ ಮೇಲೆ ಕಾಲು ನೋಯುತ್ತಿದ್ದರೂ ಹಿಂದೆ ಸರಿಯಲು ನಾಚುವ ಓಟಗಾರನಿಗೆ ಯಾರು ಏನು ಹೇಳಬೇಕೋ ತಿಳಿಯದು. ಕೊಟ್ಟವರ ಋಣ ಅವನ ಮೊಣಕಾಲಿನ ಮೇಲೆ ಕೂತಿರುತ್ತದೆ.

ಈಗ ಹೊರದೇಶದ ವಿಷಯಕ್ಕೆ ಬರೋಣ. ನನ್ನ ತಕರಾರು ಶುರುವಾಗುವುದು ವಿಮಾನ ನಿಲ್ದಾಣದಲ್ಲಿ. ದಾನಿ ಕೊಟ್ಟ ಹಣದಲ್ಲಿ ಒಂದು ಪಾಲು ಓಟಗಾರನ ಟಿಕೆಟ್ಟಿಗೂ ಹೋಟೆಲಿಗೂ ಹೋದರೆ ಅತ್ತೆ ಕೊಟ್ಟದ್ದು ಸಂಶೋಧನೆಗೋ ಸೋದರಳಿಯನ ಪ್ರವಾಸಕ್ಕೋ? ಇದು ನನ್ನೊಬ್ಬನ ಕುಹಕವಲ್ಲ. ಬ್ರಿಟನ್ನಿನ ತೆರಿಗೆ ಇಲಾಖೆಗೂ ಇದೇ ಅನುಮಾನ ಬಂದಿದೆ. ಅಲ್ಲಿ ತೆರಿಗೆ ಕಟ್ಟುವವರು ಚಾರಿಟಿಗೆ ಕೊಟ್ಟ ಪ್ರತಿ ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸುವ 'ಗಿಫ್ಟ್ ಏಡ್' ಎಂಬ ವ್ಯವಸ್ಥೆಯಿದೆ. ಆದರೆ ಸಾಹಸಯಾತ್ರೆಯ ಖರ್ಚನ್ನು ಚಾರಿಟಿಯೇ ಭರಿಸುವುದಾದರೆ, ಹೋಗುವವನ ತಂದೆತಾಯಿ, ಹೆಂಡತಿ, ಅಣ್ಣತಮ್ಮಂದಿರು ಕೊಟ್ಟ ಹಣಕ್ಕೆ ಆ ಸೇರಿಕೆ ಸಾಮಾನ್ಯವಾಗಿ ಸಿಗದು. ಮನೆಯವರು ಮನೆಯವನಿಗೇ ರಜೆ ಕೊಡಿಸುತ್ತಿದ್ದಾರೆ ಎಂಬುದು ಅದರ ತರ್ಕ. ಗೆಳೆಯರು ಕೊಟ್ಟರೆ ಅಡ್ಡಿಯಿಲ್ಲ. ಟಿಕೆಟ್ ದುಡ್ಡನ್ನು ತಾನೇ ಹಾಕಿಕೊಂಡರೂ ಅಡ್ಡಿಯಿಲ್ಲ. ಹಾಗೆ ಸ್ವಂತ ಖರ್ಚಿನಲ್ಲಿ ಹೋಗುವ ಆಯ್ಕೆಯನ್ನು ಹಲವು ಚಾರಿಟಿಗಳೇ ಕೊಡುತ್ತವೆ. ಅದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವವರಿಗೆ ನಾನು ಕೊಡುವುದಿಲ್ಲ.

ಲಂಡನ್ ಮ್ಯಾರಥಾನಿನದು ತುಸು ಬೇರೆ ಕಥೆ. 1981ರಲ್ಲಿ ಕ್ರಿಸ್ ಬ್ರ್ಯಾಶರ್ ಮತ್ತು ಜಾನ್ ಡಿಸ್ಲಿ ಶುರುಮಾಡಿದ ಈ ಓಟದಿಂದ ಇಲ್ಲಿಯವರೆಗೆ ಚಾರಿಟಿಗಳಿಗೆ ಹರಿದದ್ದು ನೂರು ಕೋಟಿ ಪೌಂಡಿಗೂ ಹೆಚ್ಚು. ಅಲ್ಲಿ ದುರ್ಲಭವಾದದ್ದು ಬಿಬ್. ಲಾಟರಿಯಲ್ಲಿ ಹೆಸರು ಬಾರದವರು ಸಂಘಟಕರಿಂದ ಚಾರಿಟಿಗಳು ಮೊದಲೇ ಕೊಂಡಿಟ್ಟ ಜಾಗಕ್ಕೆ ಹೋಗುತ್ತಾರೆ, ಬದಲಿಗೆ ಸಾವಿರಾರು ಪೌಂಡ್ ಎತ್ತಿಕೊಡುತ್ತಾರೆ. ಯಾವ ಕಾಯಿಲೆ ಎಂಬುದನ್ನು ಎಷ್ಟೋ ಸಲ ಜಾಗ ಖಾಲಿಯಿರುವ ಚಾರಿಟಿಯೇ ತೀರ್ಮಾನಿಸುತ್ತದೆ. ಬೆಂಗಳೂರಿನಿಂದ ಹೋಗುವವರ ವಿಷಯದಲ್ಲಿ ಇನ್ನೊಂದು ತೊಡಕಿದೆ: ಬ್ರಿಟಿಷ್ ಸಂಸ್ಥೆಗೆ ಕೊಟ್ಟ ಇಲ್ಲಿನ ದಾನಿಗೆ ಆದಾಯ ತೆರಿಗೆ ವಿನಾಯಿತಿಯೂ ಇಲ್ಲ. ಕಬ್ಬನ್ ಪಾರ್ಕಿನಲ್ಲಿ ಬೆವರು ಹರಿಸಿ, ಬಸವನಗುಡಿಯ ಮಾವನಿಂದ ರೂಪಾಯಿ ಎತ್ತಿ, ಅದನ್ನು ಪೌಂಡ್ ಮಾಡಿ ಥೇಮ್ಸ್ ದಂಡೆಯ ಸಂಸ್ಥೆಗೆ ಸುರಿಯುವುದಕ್ಕಿಂತ, ಓಟ ಅಲ್ಲೇ ಇರಲಿ, ಹಣ ನಮ್ಮ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಯಾವುದಾದರೂ ಉಪಶಾಮಕ ಆರೈಕೆ ಕೇಂದ್ರಕ್ಕೋ ಬರಲಿ ಎನ್ನುವವರ ಪಕ್ಷ ನನ್ನದು. ಆಗ ಬಿಬ್ ಸಿಗದು ಎಂದರೆ, ಬೇಕಿದ್ದದ್ದು ಯಾವುದು ಎಂಬುದು ಗೊತ್ತಾಯಿತಲ್ಲ.

ಇದೆಲ್ಲಕ್ಕೂ ಮುಂಚೆ, ಪ್ರವಾಸದ ಆಮಿಷವೇ ಇಲ್ಲದೆ ಓಡಿದವನೊಬ್ಬನಿದ್ದ. ಮೂಳೆಯ ಕ್ಯಾನ್ಸರಿನಿಂದ 1977ರಲ್ಲಿ ಬಲಗಾಲು ಕಳೆದುಕೊಂಡ ಕೆನಡಾದ ಟೆರ್‍ರಿ ಫಾಕ್ಸ್ ಸುಮಾರು ಐದು ಸಾವಿರ ಕಿ.ಮೀ. ಅಭ್ಯಾಸ ಮಾಡಿ, 1980ರ ಏಪ್ರಿಲ್ 12ರಂದು ಸೇಂಟ್ ಜಾನ್ಸ್‌ನಿಂದ ಪಶ್ಚಿಮಕ್ಕೆ ಹೊರಟ. ದಿನಕ್ಕೊಂದು ಮ್ಯಾರಥಾನ್ ದೂರ, ಗೆಳೆಯ ಓಡಿಸುವ ವ್ಯಾನಿನಲ್ಲೇ ವಾಸ. 143 ದಿನ, 5,373 ಕಿ.ಮೀ. ಆದ ಮೇಲೆ ಥಂಡರ್ ಬೇ ಬಳಿ ಶ್ವಾಸಕೋಶಕ್ಕೆ ರೋಗ ಹಬ್ಬಿದ್ದು ತಿಳಿದು ನಿಂತ. ಮುಂದಿನ ವರ್ಷ ಜೂನ್‌ನಲ್ಲಿ ತೀರಿಕೊಂಡ. ತಲೆಗೊಂದು ಡಾಲರ್ ಕೇಳಿದ್ದ, ಸುಮಾರು 2.4 ಕೋಟಿ ಜನರಿದ್ದ ದೇಶ 2.4 ಕೋಟಿಗೂ ಮಿಗಿಲು ಡಾಲರ್ ಕೊಟ್ಟಿತು. ತನ್ನ ಓಟದಿಂದ ಲಾಭ ಮಾಡಿಕೊಳ್ಳಬಯಸಿದ ಕಂಪನಿಗಳನ್ನು ದೂರವಿಟ್ಟ. ಅವನ ಹೆಸರಿನ ವಾರ್ಷಿಕ ಓಟದಲ್ಲಿ ಇಂದಿಗೂ ಕನಿಷ್ಠ ಮೊತ್ತದ ಷರತ್ತಿಲ್ಲ, ಗೆಲ್ಲುವವರೂ ಇಲ್ಲ. ಎಲ್ಲರೂ ಟೆರ್‍ರಿ ಆಗಬೇಕೆಂದು ಕೇಳುವುದು ಕ್ರೌರ್ಯ. ಆದರೆ ಷರತ್ತಿಲ್ಲದೆಯೂ ಹಣ ಹುಟ್ಟುತ್ತದೆ ಎಂಬುದಕ್ಕೆ ಇಷ್ಟು ಹಳೆಯ ಸಾಕ್ಷಿಯಿರುವಾಗ, ರೆಸಾರ್ಟಿನ ಫೋಟೊ ಅಚ್ಚಾದ ಕರಪತ್ರ ಅನಿವಾರ್ಯ ಎಂಬ ವಾದ ನನಗೆ ಹಿಡಿಸುವುದಿಲ್ಲ.

ಟಿಕೆಟ್ಟಿನ ಜಗಳ ಹೇಗೂ ಚಿಲ್ಲರೆಯದು. ದೊಡ್ಡ ಲೆಕ್ಕ ಹಣ ಕೈಬಿಟ್ಟ ಮೇಲಿನದು. ಓಟಗಾರರು ಕೂಡಿಸಿದ ದುಡ್ಡಿನ ಹೆಮ್ಮೆಯ ಫಲಗಳಲ್ಲಿ ಒಂದು ಇಮ್ಯಾಟಿನಿಬ್, ಅಂದರೆ ಗ್ಲಿವೆಕ್. ಅದನ್ನು ರೋಗಿಯ ಹಾಸಿಗೆಯವರೆಗೆ ತಂದ ಒರೆಗಾನ್‌ನ ವೈದ್ಯ ಬ್ರಯಾನ್ ಡ್ರೂಕರ್‌ಗೆ ಬೆಂಬಲ ಕೊಟ್ಟವರಲ್ಲಿ ಟೀಮ್ ಇನ್ ಟ್ರೈನಿಂಗ್ ನಡೆಸುವ ಸೊಸೈಟಿಯೂ ಇತ್ತು. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಒಂದು ಬಗೆಯ ರಕ್ತದ ಕ್ಯಾನ್ಸರ್, ದಿನಕ್ಕೊಂದು ಮಾತ್ರೆ ನುಂಗಿ ಬದುಕಬಹುದಾದ ಕಾಯಿಲೆಯಾಯಿತು. ಓಡಿದವರ ಜನ್ಮ ಸಾರ್ಥಕವಾಗಲು ಇದಕ್ಕಿಂತ ಏನು ಬೇಕು? ಆದರೆ ವರ್ಷಕ್ಕೆ ಸುಮಾರು 30,000 ಡಾಲರ್ ಇದ್ದ ಬೆಲೆ 2012ರ ಹೊತ್ತಿಗೆ 92,000 ಆಯಿತು. ನಮ್ಮಲ್ಲಿ ಅದನ್ನು ತಯಾರಿಸುವ ನೋವಾರ್ಟಿಸ್ ಕಂಪನಿಯ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿ ದಾಟಿದ್ದರೆ, ಇಲ್ಲಿನ ಕಂಪನಿಗಳದ್ದು ಅದರ ಹತ್ತನೆಯ ಒಂದು ಪಾಲಿಗೆ ಸಿಗುತ್ತಿತ್ತು. ನೋವಾರ್ಟಿಸ್ ಸಾವಿರಾರು ರೋಗಿಗಳಿಗೆ ಉಚಿತವಾಗಿ ಕೊಟ್ಟದ್ದೂ ನಿಜ, ಪೇಟೆಂಟಿಗಾಗಿ ವರ್ಷಗಟ್ಟಲೆ ಹೋರಾಡಿದ್ದೂ ನಿಜ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಅದರ ಅರ್ಜಿಯನ್ನು ತಳ್ಳಿಹಾಕಿತು. ಅದೇ ತಿಂಗಳು ನೂರಕ್ಕೂ ಹೆಚ್ಚು ರಕ್ತಕ್ಯಾನ್ಸರ್ ತಜ್ಞರು ಔಷಧದ ಬೆಲೆ ಹೊರಲಾಗದ್ದು ಎಂದು ಒಟ್ಟಾಗಿ ಬರೆದರು. ಅವರಲ್ಲಿ ಡ್ರೂಕರ್ ಕೂಡ ಒಬ್ಬರು.

ಓಟಗಾರರಿಗೆ ಕೊಡುವ ಕೈಪಿಡಿಯಲ್ಲಿ ಶೂ ಆರಿಸುವುದರಿಂದ ಹಿಡಿದು ದಾನಿಗೆ ಧನ್ಯವಾದ ಬರೆಯುವವರೆಗೆ ಎಲ್ಲವೂ ಇರುತ್ತದೆ. ನಿಮ್ಮ ಹಣದಿಂದ ಔಷಧವೊಂದು ಹುಟ್ಟಿದರೆ ಅದರ ಪೇಟೆಂಟ್ ಯಾರ ಕೈಯಲ್ಲಿರುತ್ತದೆ, ಬೆಲೆ ಕಟ್ಟುವಾಗ ಸಂಸ್ಥೆಗೆ ಮಾತಿರುತ್ತದೆಯೇ ಎಂಬುದಕ್ಕೂ ಅದರಲ್ಲಿ ಒಂದು ಪುಟ ಸಿಗಬೇಕು. ಅಕ್ಕನ ಮಗ ಲಿಂಕ್ ಕಳಿಸಿದಾಗ ನಾನು ಇನ್ನು ಮುಂದೆ ಕೇಳುವುದು ಆ ಪುಟವನ್ನು.