ಪರದೆ ಹೇಳಿಕೊಡುವ ಲೈಂಗಿಕ ಪಾಠ

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಯುವಜನರಿಗೆ ಲೈಂಗಿಕ ಆರೋಗ್ಯದ ತಿಳಿವಳಿಕೆ ಮನೆಯಲ್ಲಿ ಸಿಗುವುದು ಅಪರೂಪ, ಶಾಲೆಯಲ್ಲಿ ಇನ್ನೂ ಅಪರೂಪ. ಸಿನಿಮಾ, ಟಿ.ವಿ., ಮೊಬೈಲುಗಳೇ ಅವರ ಮೇಷ್ಟ್ರು. 2016ರ ನಂತರ ಡೇಟಾ ಅಗ್ಗವಾದ ಮೇಲಂತೂ ನಂಜನಗೂಡಿನ ಕಾರ್ಖಾನೆಯಿಂದ ಪಾಳಿ ಮುಗಿಸಿ ಬರುವ ಹುಡುಗನೂ ನರಸೀಪುರದಿಂದ ಮೈಸೂರಿನ ಕಾಲೇಜಿಗೆ ಓಡಾಡುವ ಹುಡುಗಿಯೂ ನೋಡುವುದು ಅದೇ ಪರದೆಯನ್ನು.

ಸಿನಿಮಾದ ಮುಖ್ಯ ದೋಷ ಅಶ್ಲೀಲತೆಯಲ್ಲ. 'ಬೇಡ' ಎಂದ ಹುಡುಗಿಯ ಬೆನ್ನುಬಿದ್ದವನು ಕೊನೆಗೆ ಗೆಲ್ಲುವುದನ್ನೇ ಪ್ರೇಮವೆಂದು ಎಷ್ಟೋ ಕನ್ನಡ ಚಿತ್ರಗಳು ತೋರಿಸಿವೆ. ಒಪ್ಪಿಗೆಯೆಂದರೆ ಕಾಡಿ ಪಡೆಯುವಂಥದ್ದು ಎಂಬ ಪಾಠ ಅಲ್ಲಿದೆ. ಗರ್ಭನಿರೋಧಕ, ಸೋಂಕುಗಳ ಮಾತು ಆ ಕಥೆಗಳೊಳಗೆ ಸುಳಿಯುವುದೇ ಕಡಿಮೆ.

ಜಾಹೀರಾತಿನ ಹಾನಿ ಇನ್ನೂ ನೇರ. ಗೋಡೆಬರಹದಿಂದ ಮೊಬೈಲಿಗೆ ದಾಟಿರುವ 'ಗುಪ್ತರೋಗ' ಚಿಕಿತ್ಸೆಯ ಪ್ರಚಾರ, ಹಸ್ತಮೈಥುನ ಮತ್ತು ಸ್ವಪ್ನಸ್ಖಲನದಿಂದ ಶಕ್ತಿ ಸೋರಿಹೋಗುತ್ತದೆಂದು ಹೆದರಿಸಿ ಔಷಧ ಮಾರುತ್ತದೆ. ಎರಡೂ ಸಹಜ. ಈ ಭಯದೊಂದಿಗೆ ಬರುವ ನಿಶ್ಶಕ್ತಿ, ಆತಂಕಗಳಿಗೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ 'ಧಾತು ಸಿಂಡ್ರೋಮ್' ಎಂದು ಹೆಸರಿಟ್ಟರು. ಕಾಮಶಕ್ತಿ ಹೆಚ್ಚಿಸುತ್ತೇವೆಂಬ ಔಷಧಿ ಜಾಹೀರಾತನ್ನು 1954ರ ಕಾಯ್ದೆ ನಿಷೇಧಿಸಿದ್ದರೂ ಅದು ನಿಂತಿಲ್ಲ. ಆದರೆ ಟಿ.ವಿ.ಯ ಕಾಂಡೋಮ್ ಜಾಹೀರಾತಿಗೆ 2017ರ ಡಿಸೆಂಬರಿನಲ್ಲಿ ಕೇಂದ್ರ ವಾರ್ತಾ ಸಚಿವಾಲಯ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಹೊತ್ತನ್ನಷ್ಟೇ ಬಿಟ್ಟಿತು. ಉದ್ರೇಕಕಾರಿಯಲ್ಲದವಕ್ಕೆ ಇದು ಅನ್ವಯಿಸದೆಂದು ಆಮೇಲೆ ಸ್ಪಷ್ಟಪಡಿಸಬೇಕಾಯಿತು. ಸುಳ್ಳಿಗೆ ಸಲಿಗೆ, ರಕ್ಷಣೆಯ ಮಾತಿಗೆ ಕಾವಲು: ಈ ವ್ಯವಸ್ಥೆಯ ದೊಡ್ಡ ತಪ್ಪು ಇದೇ.

ಕನ್ನಡದಲ್ಲಿ ಒಳ್ಳೆಯ ಮಾದರಿ ಇಲ್ಲದಿರಲಿಲ್ಲ. ವೈದ್ಯೆ ಅನುಪಮಾ ನಿರಂಜನ 'ದಾಂಪತ್ಯ ದೀಪಿಕೆ', 'ವಧುವಿಗೆ ಕಿವಿಮಾತು' ಬರೆದರು. ಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳು ಹೆಸರು ಹೇಳದೆ ಕೇಳುವ ಧೈರ್ಯ ಕೊಟ್ಟವು. ಆದರೆ ಈ ಪುಸ್ತಕಗಳು ಮಾತಾಡಿದ್ದು ಮದುವೆಯಾದವರ, ಆಗಲಿರುವವರ ಜೊತೆ. ಮದುವೆಯ ಯೋಚನೆಯೇ ಇಲ್ಲದ ಇಪ್ಪತ್ತರ ಯುವಕ-ಯುವತಿ ಹೊರಗುಳಿದರು.

ಶಾಲೆ ಈ ಕೊರತೆ ತುಂಬಬಹುದಿತ್ತು. ಆದರೆ ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ತಡೆಹಿಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ಒಂಬತ್ತನೇ ತರಗತಿಯಲ್ಲಿದ್ದವರು ಈಗ ಮೂವತ್ತು ದಾಟಿದ್ದಾರೆ. ತಮಗೆ ಯಾರೂ ಹೇಳದ್ದನ್ನು ಮಕ್ಕಳಿಗೆ ಹೇಳಬೇಕಾದ ಸ್ಥಿತಿ ಅವರದು. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳ 'ಸ್ನೇಹಾ ಕ್ಲಿನಿಕ್'ಗಳು ಆಪ್ತಸಲಹೆ ನೀಡುತ್ತವೆ, ಆದರೆ ಆ ಕಾರ್ಯಕ್ರಮದ ವಯೋಮಿತಿ 10ರಿಂದ 19. ಇದನ್ನು ಇಪ್ಪತ್ತು ದಾಟಿದವರಿಗೂ ವಿಸ್ತರಿಸಬೇಕು, ಕ್ಲಿನಿಕ್ಕಿನ ವಿವರ ಮೊಬೈಲ್ ಪರದೆಯಲ್ಲೂ ಕಾಣಬೇಕು. ಎಚ್‌ಐವಿ, ಲೈಂಗಿಕ ಸೋಂಕುಗಳ ಬಗ್ಗೆ ಯಾವ ವಯಸ್ಸಿನವರೂ 1097ಕ್ಕೆ ಉಚಿತವಾಗಿ ಕರೆಮಾಡಿ ಕೇಳಬಹುದು.